ಬಾಸ್ಟನ್‌ನ 151 ರೋಗಿಗಳು: ನೋವು ನೋಡುವ ಡಾಕ್ಟರು ಮೊದಲೇ ಬಂದಾಗ ಏನಾಯಿತು

“ಇನ್ನು ಪ್ಯಾಲಿಯೇಟಿವ್‌ಗೆ ತೋರಿಸಿ.”

ಕ್ಯಾನ್ಸರ್ ವಾರ್ಡಿನ ಹೊರಗೆ ಈ ಮಾತು ಕೇಳಿಸಿಕೊಂಡವರ ಮುಖ ನಾನು ನೋಡಿದ್ದೇನೆ. ಪ್ಯಾಲಿಯೇಟಿವ್ ಅಂದರೆ ನೋವು, ಸಂಕಟ ಕಡಿಮೆ ಮಾಡುವ ಆರೈಕೆ. ಆದರೆ ಅವರಿಗೆ ಆ ಮಾತಿನಲ್ಲಿ ಒಂದೇ ಅರ್ಥ ಕಾಣುತ್ತದೆ. ಆಸ್ಪತ್ರೆಯವರು ಕೈಬಿಟ್ಟರು, ಮನೆಗೆ ಕರೆದುಕೊಂಡು ಹೋಗಿ ಅನ್ನುತ್ತಿದ್ದಾರೆ, ಅಷ್ಟೇ. ಹಾಗೆ ಅನ್ನಿಸುವುದರಲ್ಲಿ ಅವರ ತಪ್ಪಿಲ್ಲ. ಆ ಮಾತು ಬರುವುದೇ ಕೊನೆಗೆ. ಕೀಮೋ ಮುಗಿದು, ಕರೆಂಟ್ (ರೇಡಿಯೇಶನ್) ಕೊಡಿಸಿದ್ದಾಗಿ, ಕೈಯಲ್ಲಿದ್ದ ದುಡ್ಡೂ ಕರಗಿ, ಮನುಷ್ಯ ಹಾಸಿಗೆ ಹಿಡಿದ ಮೇಲೆ.

ಅದೇ ಡಾಕ್ಟರು ಮೊದಲ ತಿಂಗಳೇ ಬಂದಿದ್ದರೆ? ಕೀಮೋ ಶುರುವಾಗುವ ಹೊತ್ತಿಗೇ, ಕೀಮೋ ಡಾಕ್ಟರ ಜೊತೆಗೇ ಬಂದಿದ್ದರೆ?

ಅಮೆರಿಕದ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆ 2006ರಲ್ಲಿ ಇದೇ ಪ್ರಶ್ನೆಯನ್ನು ಪರೀಕ್ಷೆಗೆ ಇಟ್ಟಿತು. ಉತ್ತರ 2010ರ ಆಗಸ್ಟ್‌ನಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಬಂತು. ಅಧ್ಯಯನ ನಡೆಸಿದ ತಂಡದ ಮುಂದಾಳು ಜೆನಿಫರ್ ಟೆಮೆಲ್, ಶ್ವಾಸಕೋಶದ ಕ್ಯಾನ್ಸರ್ ನೋಡುವ ಡಾಕ್ಟರ್. ನಾನು ಡಾಕ್ಟರ್ ಅಲ್ಲ. ನಮ್ಮ ದೊಡ್ಡಪ್ಪ ಇದೇ ಕಾಯಿಲೆಯಿಂದ ಹೋದರು. ಆಮೇಲೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಹೋದಾಗ ಈ ಅಧ್ಯಯನ ಕೈಗೆ ಬಂತು. ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಅದರ ಬಗ್ಗೆ ಒಂದು ಸುದ್ದಿ ಮಾತ್ರ ಎಲ್ಲ ಕಡೆ ಓಡಾಡುತ್ತದೆ: “ಪ್ಯಾಲಿಯೇಟಿವ್ ಕೇರ್ ತೆಗೆದುಕೊಂಡವರು ಜಾಸ್ತಿ ದಿನ ಬದುಕಿದರು” ಅಂತ. ಅದು ಸುಳ್ಳಲ್ಲ. ಆದರೆ ಈ ಅಧ್ಯಯನದ ತಿರುಳು ಅದಲ್ಲ ಅಂತ ನನಗೆ ಬಲವಾಗಿ ಅನ್ನಿಸಿದೆ. ಅದಕ್ಕೇ ಇಡೀ ಪ್ರಕರಣವನ್ನು ಬಿಡಿಸಿ ಬರೆಯುತ್ತಿದ್ದೇನೆ.

ಯಾರು ಆ ರೋಗಿಗಳು

2006ರ ಜೂನ್‌ನಿಂದ 2009ರ ಜುಲೈವರೆಗೆ, ಮೂರು ವರ್ಷದಲ್ಲಿ 151 ಜನರನ್ನು ಸೇರಿಸಿಕೊಂಡರು. ಎಲ್ಲರಿಗೂ ಶ್ವಾಸಕೋಶದ ಕ್ಯಾನ್ಸರ್. ಅದರಲ್ಲೂ ‘ನಾನ್ ಸ್ಮಾಲ್ ಸೆಲ್’ ಅನ್ನುವ, ಹೆಚ್ಚು ಜನರಲ್ಲಿ ಕಾಣುವ ಬಗೆ. ಅದು ಆಗಲೇ ಬೇರೆ ಅಂಗಗಳಿಗೆ ಹರಡಿತ್ತು. ಅಂದರೆ ನಮ್ಮ ಕಡೆ “ನಾಲ್ಕನೇ ಸ್ಟೇಜ್” ಅಂತ ಪಿಸುಗುಟ್ಟುತ್ತಾರಲ್ಲ, ಅದು. ಕಾಯಿಲೆ ಗೊತ್ತಾಗಿ ಎಂಟು ವಾರ ದಾಟಿರಬಾರದು. ರೋಗಿ ಎದ್ದು ಓಡಾಡುವ, ತನ್ನ ಕೆಲಸ ತಾನು ಸುಮಾರಾಗಿ ಮಾಡಿಕೊಳ್ಳುವ ಸ್ಥಿತಿಯಲ್ಲಿರಬೇಕು. ಸರಾಸರಿ ವಯಸ್ಸು 65ರ ಆಸುಪಾಸು.

ಆ ಕಾಲದಲ್ಲಿ ಈ ಕಾಯಿಲೆಗೆ ಇದ್ದ ಚಿಕಿತ್ಸೆ ನೆನಪಿಟ್ಟುಕೊಳ್ಳಬೇಕು. ದೇಹದ ರಕ್ಷಣಾ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಇಮ್ಯುನೋಥೆರಪಿ ಇನ್ನೂ ಬಂದಿರಲಿಲ್ಲ. ಗುರಿಯಿಟ್ಟು ಹೊಡೆಯುವ ಮಾತ್ರೆಗಳು ಯಾರಿಗೆ ಕೆಲಸ ಮಾಡುತ್ತವೆ ಅನ್ನುವುದು ಆಗತಾನೇ ತಿಳಿಯುತ್ತಿತ್ತು. ಹೆಚ್ಚಿನವರಿಗೆ ಇದ್ದದ್ದು ಡ್ರಿಪ್‌ನಲ್ಲಿ ಕೊಡುವ ಕೀಮೋ ಮಾತ್ರ. ರೋಗ ಗುಣವಾಗುವುದಿಲ್ಲ, ಸ್ವಲ್ಪ ಕಾಲ ತಡೆಯಬಹುದು, ಅಷ್ಟೇ.

ಚೀಟಿ ಎತ್ತಿದ ಹಾಗೆ 151 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನಲ್ಲಿ 74 ಜನ. ಅವರಿಗೆ ಎಂದಿನ ಹಾಗೆ ಕ್ಯಾನ್ಸರ್ ಚಿಕಿತ್ಸೆ. ಬೇಕು ಅಂತ ರೋಗಿಯೋ, ಮನೆಯವರೋ, ಕೀಮೋ ಡಾಕ್ಟರೋ ಕೇಳಿದರೆ ಮಾತ್ರ ಪ್ಯಾಲಿಯೇಟಿವ್ ಡಾಕ್ಟರು ನೋಡುತ್ತಾರೆ. ಇನ್ನೊಂದು ಗುಂಪಿನಲ್ಲಿ 77 ಜನ. ಅವರಿಗೂ ಅದೇ ಕ್ಯಾನ್ಸರ್ ಚಿಕಿತ್ಸೆ, ಏನೂ ಕಡಿಮೆಯಿಲ್ಲ. ಜೊತೆಗೆ ಮೂರು ವಾರದೊಳಗೆ ಪ್ಯಾಲಿಯೇಟಿವ್ ತಂಡದ ಭೇಟಿ, ಆಮೇಲೆ ತಿಂಗಳಿಗೆ ಒಂದು ಸಲವಾದರೂ ಕೂತು ಮಾತು.

ಅಷ್ಟೇ ವ್ಯತ್ಯಾಸ. ಹೊಸ ಔಷಧಿ ಇಲ್ಲ, ಹೊಸ ಯಂತ್ರ ಇಲ್ಲ. ಮೊದಲ 12 ವಾರದಲ್ಲಿ ಒಬ್ಬೊಬ್ಬರಿಗೆ ಸರಾಸರಿ ನಾಲ್ಕು ಭೇಟಿ ಸಿಕ್ಕಿತು.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಅಮೆರಿಕದಲ್ಲಿ ‘ಹಾಸ್ಪೈಸ್’, ಅಂದರೆ ಕೊನೆಗಾಲದ ಆರೈಕೆ, ಬೇರೆ; ‘ಪ್ಯಾಲಿಯೇಟಿವ್ ಕೇರ್’ ಬೇರೆ. ಅಲ್ಲಿನ ಸರ್ಕಾರಿ ವಿಮೆಯಾದ ಮೆಡಿಕೇರ್‌ನಲ್ಲಿ ಹಾಸ್ಪೈಸ್ ಸೌಲಭ್ಯ ಬೇಕಾದರೆ, ಇನ್ನು ಆರು ತಿಂಗಳು ಅಥವಾ ಅದಕ್ಕೂ ಕಡಿಮೆ ಆಯಸ್ಸು ಅಂತ ಡಾಕ್ಟರು ಬರೆದುಕೊಡಬೇಕು. ರೋಗಿ ಕಾಯಿಲೆ ವಾಸಿ ಮಾಡುವ ಚಿಕಿತ್ಸೆಯನ್ನು ಬಿಟ್ಟುಕೊಡಬೇಕು. ಅಂದರೆ ಒಂದು ಬಾಗಿಲು ಮುಚ್ಚಿದರೇನೇ ಇನ್ನೊಂದು ತೆರೆಯುತ್ತದೆ. ಪ್ಯಾಲಿಯೇಟಿವ್ ಕೇರ್‌ಗೆ ಆ ಷರತ್ತು ಇಲ್ಲ. ನೋವು, ಉಸಿರಾಟ, ನಿದ್ದೆ, ವಾಂತಿ, ಭಯ, ಮನೆಯ ಚಿಂತೆ, ಇವನ್ನು ನೋಡಿಕೊಳ್ಳುವುದು ಅದರ ಕೆಲಸ. ಚಿಕಿತ್ಸೆ ಜೊತೆಯಲ್ಲೇ ನಡೆಯಬಹುದು. ಆದರೆ ಜನರ ಮನಸ್ಸಿನಲ್ಲಿ ಎರಡೂ ಕಲೆತುಹೋಗಿವೆ. ಅಲ್ಲಿಯೂ, ಇಲ್ಲಿಯೂ.

ಇದೇ ಆಸ್ಪತ್ರೆಯಲ್ಲಿ 1846ರ ಅಕ್ಟೋಬರ್ 16ರಂದು ವಿಲಿಯಂ ಮಾರ್ಟನ್ ಈಥರ್ ಅನ್ನುವ ಅರಿವಳಿಕೆ ಕೊಟ್ಟು, ರೋಗಿಗೆ ನೋವಾಗದ ಹಾಗೆ ಆಪರೇಷನ್ ಮಾಡಿಸಿ ಎಲ್ಲರೆದುರು ತೋರಿಸಿದ್ದು. 160 ವರ್ಷದ ನಂತರ ಅದೇ ಜಾಗದಲ್ಲಿ ನೋವಿನ ಪ್ರಶ್ನೆ ಮತ್ತೆ ಎದ್ದು ನಿಂತಿತು. ಆ ಸಂಗತಿ ಓದಿದಾಗ ನನಗೆ ಮೈ ಜುಮ್ಮೆಂದಿತು.

ಏನನ್ನು ಅಳೆದರು

ಅವರು ಮುಖ್ಯವಾಗಿ ಅಳೆಯಲು ಹೊರಟಿದ್ದು ಆಯಸ್ಸನ್ನಲ್ಲ. 12 ವಾರದ ಹೊತ್ತಿಗೆ ಬದುಕು ಹೇಗಿದೆ ಅನ್ನುವುದನ್ನು. ಇದನ್ನು ಮರೆತು ಈ ಅಧ್ಯಯನ ಓದಬಾರದು.

ಬದುಕು ಹೇಗಿದೆ ಅಂತ ಅಳೆಯುವುದು ಹೇಗೆ? ಶ್ವಾಸಕೋಶದ ಕ್ಯಾನ್ಸರ್ ರೋಗಿಗಳಿಗಾಗಿಯೇ ಮಾಡಿದ ಒಂದು ಪ್ರಶ್ನಾವಳಿ ಇದೆ, ಹೆಸರು ಫ್ಯಾಕ್ಟ್-ಎಲ್. ಉಸಿರು ಕಟ್ಟುತ್ತದಾ, ಕೆಮ್ಮು ಇದೆಯಾ, ರಾತ್ರಿ ನಿದ್ದೆ ಬರುತ್ತದಾ, ಮನೆಯವರ ಆಸರೆ ಇದೆಯಾ, ಮನಸ್ಸಿಗೆ ಬೇಸರವಾ, ಬದುಕಿನಲ್ಲಿ ಖುಷಿ ಇದೆಯಾ, ಇಂಥವು. ಒಟ್ಟು ಅಂಕ 0ಯಿಂದ 136. ಅಂಕ ಜಾಸ್ತಿ ಇದ್ದಷ್ಟೂ ಬದುಕು ಸಹ್ಯ.

12 ವಾರ ಅಂದರೆ ಮೂರು ತಿಂಗಳೂ ತುಂಬಿರುವುದಿಲ್ಲ. ಅಷ್ಟರಲ್ಲಿ 151 ಜನರಲ್ಲಿ 27 ಜನ ತೀರಿಹೋಗಿದ್ದರು. ಈ ಸಾಲಿನಲ್ಲಿ ನಾನು ಪ್ರತಿ ಸಲ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಸೇರಿದಾಗ ಓಡಾಡಿಕೊಂಡಿದ್ದವರು ಇವರು. ಕಾಯಿಲೆ ಎಷ್ಟು ವೇಗದ್ದು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಉಳಿದವರಲ್ಲಿ 107 ಜನ, ಅಂದರೆ ಶೇ. 86ರಷ್ಟು ಮಂದಿ, ಮತ್ತೆ ಪ್ರಶ್ನಾವಳಿ ತುಂಬಿಕೊಟ್ಟರು.

ಪ್ಯಾಲಿಯೇಟಿವ್ ಭೇಟಿ ಪಡೆದ ಗುಂಪಿನ ಸರಾಸರಿ ಅಂಕ 98.0. ಇನ್ನೊಂದು ಗುಂಪಿನದು 91.5. ಬರೀ ಅಂಕಿ ನೋಡಿದರೆ ದೊಡ್ಡದು ಅನ್ನಿಸಲಿಕ್ಕಿಲ್ಲ. ಆದರೆ ಈ ಕಾಯಿಲೆಯಲ್ಲಿ ದಿನ ಕಳೆದ ಹಾಗೆ ಅಂಕ ಬೀಳುವುದೇ ರೂಢಿ. ಅದನ್ನು ಮೇಲೆ ಹಿಡಿದು ನಿಲ್ಲಿಸುವುದು ಸಣ್ಣ ಮಾತಲ್ಲ.

ಮನಸ್ಸಿನ ಲೆಕ್ಕ ಇನ್ನೂ ಸ್ಪಷ್ಟ. ಖಿನ್ನತೆಯ ಲಕ್ಷಣ ಇದ್ದವರು ಒಂದು ಗುಂಪಿನಲ್ಲಿ ಶೇ. 38, ಪ್ಯಾಲಿಯೇಟಿವ್ ಗುಂಪಿನಲ್ಲಿ ಶೇ. 16. ಅರ್ಧಕ್ಕಿಂತ ಕಡಿಮೆ. ಹಾಗಾದರೆ ಖಿನ್ನತೆಗೆ ಮಾತ್ರೆ ಜಾಸ್ತಿ ಬರೆದುಕೊಟ್ಟರಾ? ಇಲ್ಲ. ಹೊಸದಾಗಿ ಆ ಮಾತ್ರೆ ಶುರು ಮಾಡಿದವರು ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ, ಶೇ. 18ರಷ್ಟು. ಮಾತ್ರೆಯಿಂದ ಆದ ಬದಲಾವಣೆ ಇದಲ್ಲ.

ಆಮೇಲೆ ಕೊನೆಯ ದಿನಗಳ ಲೆಕ್ಕ. ಸಾಯುವ ಮುಂಚಿನ 14 ದಿನದೊಳಗೆ ಕೀಮೋ ಕೊಟ್ಟಿದ್ದರೆ, ಅಥವಾ ಹಾಸ್ಪೈಸ್ ಆರೈಕೆಯೇ ಸಿಗದಿದ್ದರೆ, ಅಥವಾ ಸಾಯಲು ಮೂರು ದಿನ ಇರುವಾಗ ಹಾಸ್ಪೈಸ್‌ಗೆ ಸೇರಿಸಿದ್ದರೆ, ಅದನ್ನು ‘ಕೊನೆಯಲ್ಲಿ ವಿಪರೀತ ಚಿಕಿತ್ಸೆ’ ಅಂತ ಲೆಕ್ಕ ಹಾಕಿದರು. ಸಾಮಾನ್ಯ ಗುಂಪಿನಲ್ಲಿ ಶೇ. 54 ಜನರಿಗೆ ಹಾಗಾಯಿತು. ಪ್ಯಾಲಿಯೇಟಿವ್ ಗುಂಪಿನಲ್ಲಿ ಶೇ. 33.

ಇನ್ನು ಎಲ್ಲರೂ ಹೇಳುವ ಆ ಅಂಕಿ. ವಿಪರೀತ ಚಿಕಿತ್ಸೆ ಕಡಿಮೆಯಾದರೆ ರೋಗಿಗಳು ಬೇಗ ಹೋಗಿರಬೇಕು ಅಲ್ವಾ? ಹಾಗಾಗಲಿಲ್ಲ. ಗುಂಪಿನವರನ್ನು ಬದುಕಿದ ದಿನಗಳ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಂತವರು ಎಷ್ಟು ಕಾಲ ಬದುಕಿದರು? ಸಾಮಾನ್ಯ ಗುಂಪಿನಲ್ಲಿ 8.9 ತಿಂಗಳು. ಪ್ಯಾಲಿಯೇಟಿವ್ ಗುಂಪಿನಲ್ಲಿ 11.6 ತಿಂಗಳು.

ಎರಡೂವರೆ ತಿಂಗಳಿಗೂ ಜಾಸ್ತಿ. ಹೋಲಿಕೆಗೆ ಒಂದು ಮಾತು. ಇದೇ ಕಾಯಿಲೆಗೆ ಬೆವಾಸಿಜುಮ್ಯಾಬ್ ಅನ್ನುವ ದುಬಾರಿ ಇಂಜೆಕ್ಷನ್‌ಗೆ ಅಮೆರಿಕದಲ್ಲಿ 2006ರಲ್ಲಿ ಅನುಮತಿ ಸಿಕ್ಕಿತು. 878 ರೋಗಿಗಳ ಅಧ್ಯಯನದಲ್ಲಿ ಅದು 10.3 ತಿಂಗಳನ್ನು 12.3 ತಿಂಗಳಿಗೆ ಏರಿಸಿತ್ತು. ಎರಡು ತಿಂಗಳು. ಎರಡೂ ಅಧ್ಯಯನದ ರೋಗಿಗಳು ಬೇರೆ ಬೇರೆ, ಅಂಕಿಗೆ ಅಂಕಿ ತೂಗುವುದು ಸರಿಯಲ್ಲ, ಗೊತ್ತು. ಆದರೂ ಡಾಕ್ಟರುಗಳೆಲ್ಲ ಯಾಕೆ ಎದ್ದು ಕೂತರು ಅನ್ನುವುದು ಇದರಿಂದ ಅರ್ಥವಾಗುತ್ತದೆ. ತಿಂಗಳಿಗೊಮ್ಮೆ ಕೂತು ಮಾತಾಡುವುದು ಒಂದು ಔಷಧಿಯ ಸಾಲಿನಲ್ಲಿ ಬಂದು ನಿಂತಿತ್ತು.

ಆ ಕೋಣೆಯಲ್ಲಿ ನಡೆದಿದ್ದು ಏನು

ನನ್ನ ತಲೆಗೆ ಹತ್ತಿದ ಪ್ರಶ್ನೆ ಇದು. ನಾಲ್ಕು ಭೇಟಿಯಲ್ಲಿ ಅಷ್ಟೆಲ್ಲ ಏನು ಮಾಡಿದರು?

ಅದೇ ತಂಡ ಆಮೇಲೆ ಇದನ್ನೂ ಹುಡುಕಿತು. 20 ರೋಗಿಗಳ ಭೇಟಿಯ ಟಿಪ್ಪಣಿಗಳನ್ನು ತೆಗೆದು ಓದಿದರು. ಮೊದಮೊದಲ ಭೇಟಿಗಳಲ್ಲಿ ಸಾವಿನ ಮಾತು ಹೆಚ್ಚಿರಲಿಲ್ಲ. ಪರಿಚಯ ಬೆಳೆಸುವುದು, ಸಲುಗೆ ಮಾಡಿಕೊಳ್ಳುವುದು. ನೋವು, ಸುಸ್ತು, ಉಸಿರಾಟ ಕೇಳಿ ಅದಕ್ಕೆ ಮದ್ದು ಮಾಡುವುದು. ನಿಮಗೆ ಏನಾಗಿದೆ ಅಂತ ನೀವು ತಿಳಿದುಕೊಂಡಿದ್ದೀರಿ ಅಂತ ಕೇಳುವುದು. ಮನಸ್ಸನ್ನು ಹೇಗೆ ಸಂಭಾಳಿಸುತ್ತಿದ್ದೀರಿ, ಮನೆಯವರು ಹೇಗಿದ್ದಾರೆ ಅಂತ ವಿಚಾರಿಸುವುದು. ಕೊನೆಯ ದಿನಗಳ ಮಾತು, ಎಲ್ಲಿರಬೇಕು, ಏನು ಬೇಡ ಅನ್ನುವ ಮಾತು, ಇವೆಲ್ಲ ಬಂದದ್ದು ನಂತರದ ಭೇಟಿಗಳಲ್ಲಿ.

ಅಂದರೆ ಕಷ್ಟದ ಮಾತಿಗೆ ಮೊದಲೇ ನೆಲ ಹದ ಮಾಡಿದ್ದರು. ಗುರುತಿಲ್ಲದ ಡಾಕ್ಟರು ಐಸಿಯು ಬಾಗಿಲಲ್ಲಿ ನಿಂತು “ವೆಂಟಿಲೇಟರ್ ಹಾಕೋದಾ, ಬೇಡವಾ, ಬೇಗ ಹೇಳಿ” ಅಂದರೆ ಯಾವ ಮಗ ತಾನೇ ಬೇಡ ಅನ್ನುತ್ತಾನೆ? ಆರು ತಿಂಗಳಿಂದ ಗೊತ್ತಿರುವ ಡಾಕ್ಟರು ರೋಗಿಯನ್ನೇ ಕೂರಿಸಿಕೊಂಡು ಕೇಳಿದರೆ ಬೇರೆಯದೇ ಉತ್ತರ ಬರುತ್ತದೆ. ಹೃದಯ ನಿಂತರೆ ಏನು ಮಾಡಬೇಕು ಅನ್ನುವ ಇಷ್ಟ ದಾಖಲೆಯಲ್ಲಿ ಬರೆದಿದ್ದವರು ಸಾಮಾನ್ಯ ಗುಂಪಿನಲ್ಲಿ ಶೇ. 28, ಪ್ಯಾಲಿಯೇಟಿವ್ ಗುಂಪಿನಲ್ಲಿ ಶೇ. 53.

ಕೀಮೋ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಪ್ಯಾಲಿಯೇಟಿವ್ ಡಾಕ್ಟರು ಕೀಮೋ ಬಿಡಿಸಿಬಿಡುತ್ತಾರೆ ಅಂತ ಮನೆಯವರು ಹೆದರುತ್ತಾರೆ. ಬಾಸ್ಟನ್ ತಂಡ ಅದನ್ನೂ ಲೆಕ್ಕ ಹಾಕಿ 2012ರಲ್ಲಿ ಪ್ರಕಟಿಸಿತು. ಎಷ್ಟು ಬಗೆಯ ಕೀಮೋ ಪಡೆದರು ಅನ್ನುವುದರಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಇರಲಿಲ್ಲ. ವ್ಯತ್ಯಾಸ ಇದ್ದದ್ದು ನಿಲ್ಲಿಸುವ ಹೊತ್ತಿನಲ್ಲಿ. ಕೊನೆಯ ಡ್ರಿಪ್ ಕೀಮೋಗೂ ಸಾವಿಗೂ ನಡುವೆ ಸಾಮಾನ್ಯ ಗುಂಪಿನಲ್ಲಿ 40.5 ದಿನ, ಪ್ಯಾಲಿಯೇಟಿವ್ ಗುಂಪಿನಲ್ಲಿ 64 ದಿನ. ಆ 23 ದಿನ ನನ್ನ ಮಟ್ಟಿಗೆ ಈ ಇಡೀ ಅಧ್ಯಯನದ ಅತಿ ದೊಡ್ಡ ಅಂಕಿ. ಸೂಜಿ ಇಲ್ಲದ, ವಾಂತಿ ಇಲ್ಲದ, ರಕ್ತ ಪರೀಕ್ಷೆಗೆ ಸಾಲು ನಿಲ್ಲದ 23 ದಿನ.

ತನಗೇನಾಗಿದೆ ಅಂತ ರೋಗಿಗೆ ಗೊತ್ತಿತ್ತಾ

2011ರಲ್ಲಿ ಇದೇ 151 ಜನರ ಬಗ್ಗೆ ಇನ್ನೊಂದು ವರದಿ ಬಂತು. ಸೇರುವಾಗಲೇ ಅವರನ್ನು ಕೇಳಿದ್ದರು: ನಿಮ್ಮ ಕಾಯಿಲೆ ಪೂರ್ತಿ ವಾಸಿಯಾಗುತ್ತದಾ? ಚಿಕಿತ್ಸೆಯ ಗುರಿ ಏನು?

ಸುಮಾರು ಮೂವರಲ್ಲಿ ಒಬ್ಬರು ವಾಸಿಯಾಗುತ್ತದೆ ಅಂದರು. ಶೇ. 69 ಜನ, ಕ್ಯಾನ್ಸರನ್ನು ಪೂರ್ತಿ ತೆಗೆದುಹಾಕುವುದೇ ಚಿಕಿತ್ಸೆಯ ಗುರಿ ಅಂದರು. ನಾಲ್ಕನೇ ಸ್ಟೇಜ್‌ನವರು. ಅಮೆರಿಕದವರು. ಡಾಕ್ಟರು ರೋಗಿಯ ಎದುರೇ ಎಲ್ಲ ಹೇಳುವ ದೇಶ ಅಂತ ನಾವು ಅಂದುಕೊಂಡಿರುವ ದೇಶದವರು.

ತಿಂಗಳುಗಳು ಕಳೆದ ಹಾಗೆ ಪ್ಯಾಲಿಯೇಟಿವ್ ಗುಂಪಿನಲ್ಲಿ ಶೇ. 82.5 ಜನ ತಮ್ಮ ಸ್ಥಿತಿಯನ್ನು ಇದ್ದ ಹಾಗೆ ತಿಳಿದುಕೊಂಡಿದ್ದರು, ಅಥವಾ ಮೊದಲಿನ ತಿಳಿವಳಿಕೆಯನ್ನು ಉಳಿಸಿಕೊಂಡಿದ್ದರು. ಇನ್ನೊಂದು ಗುಂಪಿನಲ್ಲಿ ಶೇ. 59.6. ಪ್ಯಾಲಿಯೇಟಿವ್ ಗುಂಪಿನಲ್ಲೇ ಇದ್ದು ಸರಿಯಾಗಿ ತಿಳಿದುಕೊಂಡವರಲ್ಲಿ ಸಾವಿನ ಹತ್ತಿರ ಡ್ರಿಪ್ ಕೀಮೋ ಪಡೆದವರು ಶೇ. 9.4 ಮಾತ್ರ. ತಿಳಿಯದೇ ಇದ್ದವರಲ್ಲಿ ಶೇ. 50.

ನಿಜ ತಿಳಿದರೆ ರೋಗಿ ಕುಸಿದುಹೋಗುತ್ತಾರೆ ಅಂತ ನಾವು ನಂಬಿದ್ದೇವೆ. ಈ ಅಧ್ಯಯನದಲ್ಲಿ ನಿಜವನ್ನು ಹೆಚ್ಚು ತಿಳಿದುಕೊಂಡ ಗುಂಪಿನಲ್ಲೇ ಖಿನ್ನತೆ ಕಡಿಮೆ ಇತ್ತು. ನಿಜ ತಿಳಿದದ್ದರಿಂದಲೇ ಮನಸ್ಸು ಹಗುರವಾಯಿತು ಅಂತ ಇದರಿಂದ ಹೇಳಲಾಗದು. ಆದರೆ ಜೊತೆಯಲ್ಲಿ ಕೂತು, ಕೈಹಿಡಿದು, ಸ್ವಲ್ಪ ಸ್ವಲ್ಪವಾಗಿ ತಿಳಿಸಿದರೆ ಎದೆ ಒಡೆಯುವುದಿಲ್ಲ ಅನ್ನುವಷ್ಟಂತೂ ಹೇಳಬಹುದು.

ನಮ್ಮ ದೊಡ್ಡಪ್ಪನ ವಿಷಯ ಇಲ್ಲಿ ಬರೆಯದೇ ಇರಲಾರೆ. ಅವರು ತುಮಕೂರು ಕಡೆಯ ತೆಂಗಿನ ತೋಟದವರು. ಸ್ಕ್ಯಾನ್ ರಿಪೋರ್ಟ್ ಬಂದ ದಿನವೇ ಮನೆಯವರೆಲ್ಲ ಡಾಕ್ಟರ ಹತ್ತಿರ ಹೋಗಿ, “ಅವ್ರಿಗೆ ಮಾತ್ರ ಹೇಳ್ಬೇಡಿ ಸಾರ್” ಅಂದೆವು. ಡಾಕ್ಟರು ಒಪ್ಪಿಕೊಂಡರು. ದೊಡ್ಡಪ್ಪನಿಗೆ ನಾವು ಹೇಳಿದ್ದು, ಎದೆಯಲ್ಲಿ ನೀರು ತುಂಬಿದೆ, ತೆಗೆಸಿದರೆ ಸರಿಹೋಗುತ್ತದೆ ಅಂತ. ಕೀಮೋಗೆ ‘ಶಕ್ತಿ ಇಂಜೆಕ್ಷನ್’ ಅಂತ ಹೆಸರಿಟ್ಟೆವು. ಕೂದಲು ಉದುರಿದಾಗ ಔಷಧಿ ಉಷ್ಣ ಅಂದೆವು. ಅವರು ಏನನ್ನೂ ಕೇಳಲಿಲ್ಲ. ಕೊನೆಯ ವಾರ ಐಸಿಯುನಲ್ಲಿ ಕಳೆಯಿತು. ದೊಡ್ಡಮ್ಮನಿಗೆ ದಿನಕ್ಕೆ ಎರಡು ಸಲ, ಹತ್ತು ನಿಮಿಷ ನೋಡಲು ಬಿಡುತ್ತಿದ್ದರು.

ಕಾರ್ಯವೆಲ್ಲ ಮುಗಿದ ಮೇಲೆ ಗೊತ್ತಾಯಿತು. ಎರಡನೇ ಕೀಮೋ ಆದ ವಾರವೇ ದೊಡ್ಡಪ್ಪ ಊರಿನ ಸೊಸೈಟಿಗೆ ಒಬ್ಬರೇ ಹೋಗಿ ಸಾಲ ತೀರಿಸಿ, ರಸೀದಿಯನ್ನು ದೊಡ್ಡಮ್ಮನ ಸೀರೆ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಪಕ್ಕದ ತೋಟದವರಿಗೆ, “ಮುಂದಿನ ಯುಗಾದಿಗೆ ನಾನಿರೋದಿಲ್ಲ, ಬೋರ್‌ವೆಲ್ ಕಡೆ ಒಂದು ಕಣ್ಣಿಟ್ಟಿರಿ” ಅಂದಿದ್ದರು. ಅವರಿಗೆ ಎಲ್ಲ ಗೊತ್ತಿತ್ತು. ನಾವು ಮುಚ್ಚಿಡುತ್ತಿದ್ದೇವೆ ಅನ್ನುವುದೂ ಗೊತ್ತಿತ್ತು. ನಮಗೆ ನೋವಾಗಬಾರದು ಅಂತ ಅವರೂ ಸುಮ್ಮನಿದ್ದರು. ಆರು ತಿಂಗಳು ಒಂದೇ ಮನೆಯಲ್ಲಿ ಇದ್ದು, ಮುಖ್ಯವಾದ ಒಂದೇ ಒಂದು ಮಾತನ್ನು ನಾವ್ಯಾರೂ ಅವರ ಜೊತೆ ಆಡಲಿಲ್ಲ.

ಬಾಸ್ಟನ್‌ನ ಅಂಕಿಗಳನ್ನು ಓದುವಾಗ ನನಗೆ ಆ ರಸೀದಿ ನೆನಪಾಗುತ್ತದೆ.

ಎಲ್ಲಿ ಎಚ್ಚರ ಬೇಕು

ಈ ಅಧ್ಯಯನವನ್ನು ನಾನು ಹಚ್ಚಿಕೊಂಡಿದ್ದೇನೆ ಅಂತ ಅದರ ಮಿತಿ ಮುಚ್ಚಿಡಬಾರದು.

ಇದು ಒಂದೇ ಆಸ್ಪತ್ರೆಯಲ್ಲಿ ನಡೆದದ್ದು. ಅದೂ ಸಾಮಾನ್ಯ ಆಸ್ಪತ್ರೆಯಲ್ಲ, ದೊಡ್ಡ ಹೆಸರಿನದು. ರೋಗಿಗಳು ಬಹುತೇಕ ಎಲ್ಲರೂ ಬಿಳಿಯರು. ಯಾರಿಗೆ ಯಾವ ಆರೈಕೆ ಸಿಗುತ್ತಿದೆ ಅಂತ ಎಲ್ಲರಿಗೂ ಗೊತ್ತಿತ್ತು. ಇದು ಮಾತ್ರೆಯಲ್ಲವಲ್ಲ, ಸಕ್ಕರೆ ಗುಳಿಗೆ ಕೊಟ್ಟು ಹೋಲಿಸುವುದಕ್ಕೆ. ಒಳ್ಳೆಯದಾಗಿದ್ದು ಪ್ಯಾಲಿಯೇಟಿವ್ ವಿದ್ಯೆಯಿಂದಲೋ, ಯಾರೋ ಒಬ್ಬರು ಗಮನ ಕೊಟ್ಟು ಕೇಳಿಸಿಕೊಂಡಿದ್ದರಿಂದಲೋ ಬೇರೆ ಮಾಡಿ ನೋಡಲಾಗದು. ಆಯಸ್ಸು ಮುಖ್ಯ ಪ್ರಶ್ನೆಯಾಗಿರಲಿಲ್ಲ, ಜನರೂ 151 ಮಾತ್ರ. ಹಾಗಾಗಿ ಆ 2.7 ತಿಂಗಳನ್ನು ಕಲ್ಲಿನ ಮೇಲೆ ಕೆತ್ತಬಾರದು.

ಮುಂದೆ ಬೇರೆ ಕಡೆ ನಡೆದ ಅಧ್ಯಯನಗಳ ಫಲ ಒಂದೇ ತರ ಇಲ್ಲ. ಟೆಮೆಲ್ ತಂಡವೇ 2017ರಲ್ಲಿ 350 ಜನರ ಇನ್ನೊಂದು ಅಧ್ಯಯನ ಪ್ರಕಟಿಸಿತು. ಶ್ವಾಸಕೋಶದವರ ಜೊತೆ ಹೊಟ್ಟೆ, ಪಿತ್ತಜನಕಾಂಗದಂಥ ಭಾಗದ ಕ್ಯಾನ್ಸರ್ ಇದ್ದವರನ್ನೂ ಸೇರಿಸಿಕೊಂಡರು. 12 ವಾರಕ್ಕೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ, 24 ವಾರಕ್ಕೆ ಕಂಡಿತು. ಶ್ವಾಸಕೋಶದವರಿಗೆ ಉಪಯೋಗವಾದಷ್ಟು ಹೊಟ್ಟೆಯ ಕ್ಯಾನ್ಸರಿನವರಿಗೆ ಆಗಲಿಲ್ಲ.

ನಮ್ಮ ದೇಶದ ಫಲಿತಾಂಶ ನಮಗೆ ಹೆಚ್ಚು ಮುಖ್ಯ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ತಲೆ ಮತ್ತು ಕುತ್ತಿಗೆ ಭಾಗದ ಕ್ಯಾನ್ಸರ್ ಮುಂದುವರಿದ 180 ಜನರನ್ನು ಇದೇ ರೀತಿ ಎರಡು ಗುಂಪು ಮಾಡಿ ನೋಡಿದರು. ಬಾಯಿ, ಗಂಟಲಿನ ಕ್ಯಾನ್ಸರ್ ನಮ್ಮಲ್ಲಿ ಎಷ್ಟು ಅಂತ ಹೇಳಬೇಕಾಗಿಲ್ಲ, ತಂಬಾಕು ಜಗಿಯುವ ನಾಡು ನಮ್ಮದು. ಅಲ್ಲಿ ಪ್ಯಾಲಿಯೇಟಿವ್ ಆರೈಕೆ ಬೇಗ ಕೊಟ್ಟವರಿಗೂ ಕೊಡದವರಿಗೂ ಬದುಕಿನ ಗುಣಮಟ್ಟದಲ್ಲಾಗಲಿ, ಆಯಸ್ಸಿನಲ್ಲಾಗಲಿ ಗಟ್ಟಿ ವ್ಯತ್ಯಾಸ ಸಿಗಲಿಲ್ಲ.

ಇದನ್ನು ಓದಿ ನನಗೆ ಮೊದಲು ಬೇಸರವಾಯಿತು. ಆಮೇಲೆ ಯೋಚಿಸಿದೆ. ದಿನ ಜಾಸ್ತಿ ಸಿಗುತ್ತದೆ ಅಂತ ಆಸೆ ತೋರಿಸಿ ಪ್ಯಾಲಿಯೇಟಿವ್ ಕೇರ್‌ಗೆ ಜನರನ್ನು ಕರೆದರೆ, ಸಿಗದಿದ್ದಾಗ ಅವರು ಅದನ್ನೂ ಬಿಡುತ್ತಾರೆ. ನೋವಿಗೆ ಮದ್ದು ಕೊಡುವುದಕ್ಕೆ, ರೋಗಿಯ ಮಾತು ಕೇಳುವುದಕ್ಕೆ ಆಯಸ್ಸಿನ ಸಮರ್ಥನೆ ಯಾಕೆ ಬೇಕು? ಕಾಲು ಮುರಿದವನಿಗೆ ನೋವಿನ ಇಂಜೆಕ್ಷನ್ ಕೊಡುವಾಗ ಅವನು ಎಷ್ಟು ವರ್ಷ ಬದುಕುತ್ತಾನೆ ಅಂತ ಯಾರೂ ಕೇಳುವುದಿಲ್ಲ.

ಇಷ್ಟಾದರೂ ಒಟ್ಟಾರೆ ಗಾಳಿ ಒಂದೇ ಕಡೆ ಬೀಸಿತು. ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘ ಆಸ್ಕೋ 2016ರಲ್ಲಿ, ಮುಂದುವರಿದ ಕ್ಯಾನ್ಸರ್ ಗೊತ್ತಾದ ಎಂಟು ವಾರದೊಳಗೆ ಪ್ಯಾಲಿಯೇಟಿವ್ ತಂಡಕ್ಕೆ ತೋರಿಸಬೇಕು ಅಂತ ಮಾರ್ಗಸೂಚಿಯಲ್ಲಿ ಬರೆಯಿತು. ಆ ಎಂಟು ವಾರ ಎಲ್ಲಿಂದ ಬಂತು ಅಂತ ಈಗ ನಿಮಗೆ ಗೊತ್ತು. 2024ರಲ್ಲಿ 1,250 ಶ್ವಾಸಕೋಶ ಕ್ಯಾನ್ಸರ್ ರೋಗಿಗಳ ದೊಡ್ಡ ಅಧ್ಯಯನವೊಂದು ಬಂತು, ಅದರಲ್ಲೂ ಟೆಮೆಲ್ ಇದ್ದಾರೆ. ಎದುರು ಕೂತು ಮಾತಾಡಿದರೂ, ವಿಡಿಯೋ ಕಾಲ್‌ನಲ್ಲಿ ಮಾತಾಡಿದರೂ ರೋಗಿಗಳ ಬದುಕಿನ ಗುಣಮಟ್ಟ ಒಂದೇ ಮಟ್ಟದಲ್ಲಿತ್ತು. ರಾಯಚೂರಿನಿಂದಲೋ ಬೀದರಿನಿಂದಲೋ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಬರುವ ರೋಗಿಗೆ ಇದು ಎಷ್ಟು ದೊಡ್ಡ ಸುದ್ದಿ ಅಂತ ಯೋಚಿಸಿ.

ನಮ್ಮ ಊರಿನಲ್ಲಿ ಕೇಳಬೇಕಾದ್ದು

ಬೆಂಗಳೂರಿನಲ್ಲಿ ಕರುಣಾಶ್ರಯ ಅನ್ನುವ ಹಾಸ್ಪೈಸ್ 1999ರಿಂದ ದುಡ್ಡು ತೆಗೆದುಕೊಳ್ಳದೆ ಇಂಥ ರೋಗಿಗಳನ್ನು ನೋಡಿಕೊಳ್ಳುತ್ತಿದೆ. ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಪ್ಯಾಲಿಯೇಟಿವ್ ವಿಭಾಗ ಇರುತ್ತದೆ. ನಮ್ಮ ದೊಡ್ಡಪ್ಪನನ್ನು ತೋರಿಸಿದ ಆಸ್ಪತ್ರೆಯಲ್ಲೂ ಇತ್ತು, ಒಂದು ಮಹಡಿ ಕೆಳಗೆ. ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಕೇಳಬೇಕು ಅಂತ ಗೊತ್ತೇ ಇರಲಿಲ್ಲ.

ಆದ್ದರಿಂದ ಕಾಯಿಲೆ ಹರಡಿದೆ ಅಂತ ಗೊತ್ತಾದ ಮೊದಲ ತಿಂಗಳಲ್ಲೇ ಕ್ಯಾನ್ಸರ್ ಡಾಕ್ಟರನ್ನು ಕೇಳಿ: “ಕೀಮೋ ನಡೀಲಿ ಸಾರ್, ಅದರ ಜೊತೆಗೆ ಪ್ಯಾಲಿಯೇಟಿವ್ ಡಾಕ್ಟರನ್ನೂ ಈಗಲೇ ನೋಡಬಹುದಾ?” ಜೊತೆಗೆ ಅನ್ನುವ ಪದವನ್ನು ಒತ್ತಿ ಹೇಳಿ. ಕೀಮೋ ಬೇಡ ಅಂತಿದ್ದಾರೆ ಅಂತ ಅವರು ತಪ್ಪು ತಿಳಿಯಬಾರದು. ಆಮೇಲೆ ರೋಗಿಯನ್ನೇ ಕೇಳಿ, “ನಿಮಗೆ ಎಷ್ಟು ತಿಳ್ಕೋಬೇಕು ಅನ್ನಿಸುತ್ತೆ? ಡಾಕ್ಟರ ಹತ್ರ ನೀವೇ ಮಾತಾಡ್ತೀರಾ, ನಾವು ಮಾತಾಡಬೇಕಾ?” ಅಂತ. ಕೆಲವರು ನಿಜವಾಗಿಯೂ “ನೀವೇ ನೋಡ್ಕೊಳ್ಳಿ” ಅನ್ನುತ್ತಾರೆ. ಆಗ ಅದೂ ಅವರದೇ ತೀರ್ಮಾನ.

ಇನ್ನು ಮಾರ್ಫಿನ್, ಅಫೀಮಿನಿಂದ ತೆಗೆಯುವ ನೋವಿನ ಔಷಧಿ. ಹೆಸರು ಕೇಳಿದರೇ ಮನೆಯವರು ಹಿಂಜರಿಯುತ್ತಾರೆ. ಚಟ ಹತ್ತುತ್ತದೆ, ಕೊನೆಗಾಲದವರಿಗೆ ಮಾತ್ರ ಕೊಡುವುದು ಅಂತ. ಕಾನೂನಿನ ಪ್ರಕಾರ ಅಫೀಮು ಬೆಳೆದು ಹೊರಗೂ ಕಳಿಸುವ ದೇಶ ನಮ್ಮದು. ಆದರೂ ನಮ್ಮ ರೋಗಿಗಳಿಗೇ ಅದು ಸಿಗದ ಹಾಗೆ ಕಾನೂನಿನ ತೊಡಕು ಇತ್ತು. ಕೇರಳದ ಡಾ. ಎಂ.ಆರ್. ರಾಜಗೋಪಾಲ್ ಅವರಂಥವರು ವರ್ಷಗಟ್ಟಲೆ ಓಡಾಡಿದ ಮೇಲೆ 2014ರಲ್ಲಿ ಕಾನೂನಿಗೆ ತಿದ್ದುಪಡಿಯಾಗಿ ದಾರಿ ಸ್ವಲ್ಪ ಸುಲಭವಾಯಿತು. ಗಟ್ಟಿ ನೋವಿಗೆ ಡಾಕ್ಟರು ಲೆಕ್ಕ ಹಾಕಿ ಕೊಡುವ ಮಾರ್ಫಿನ್ ಮಾತ್ರೆ ನುಂಗಿ ರೋಗಿ ಎದ್ದು ಕೂರುತ್ತಾರೆ, ಊಟ ಮಾಡುತ್ತಾರೆ, ಮೊಮ್ಮಕ್ಕಳ ಜೊತೆ ಮಾತಾಡುತ್ತಾರೆ. ನೋವು ಬಂದಾಗ ಅಂತ ಕಾಯದೆ ಗಡಿಯಾರ ನೋಡಿಕೊಂಡು, ಹೇಳಿದ ಹೊತ್ತಿಗೆ ಕೊಡಬೇಕು. ಡೋಸ್ ಡಾಕ್ಟರನ್ನು ಕೇಳದೆ ಏರಿಸಬಾರದು, ಇಳಿಸಲೂಬಾರದು. ಅದು ಶುರುವಾದ ದಿನದಿಂದಲೇ ಮಲಬದ್ಧತೆ ಕಾಡುವುದು ಜಾಸ್ತಿ. ಅದಕ್ಕೂ ಒಂದು ಔಷಧಿಯನ್ನು ಅದೇ ಚೀಟಿಯಲ್ಲಿ, ಅವತ್ತೇ ಬರೆಸಿಕೊಳ್ಳಿ.